ಗುಳಿಗೆ ಲೆಕ್ಕ

ನನ್ನ ಕೆಲಸ ಉಳಿದದ್ದನ್ನು ಎಣಿಸುವುದು.
ಪೋರ್ತೊ ಊರಿನ ಆಸ್ಪತ್ರೆ, ಹಿಂಬದಿಯ ಕೋಣೆ,
ಕಿಟಕಿಯಾಚೆ ನದಿ, ಈಚೆ ನೀಲಿ ತಟ್ಟೆ.
ಸೀಸೆ ಬಗ್ಗಿಸಿ ಸುರಿದು, ಚಮಚದ ತುದಿಯಿಂದ
ಐದೈದರ ಗುಡ್ಡೆ ಮಾಡಿ ಸರಿಸುತ್ತೇನೆ.
ಬಾಕಿ ಹೆಚ್ಚಿದ್ದರೆ ನುಂಗಿಲ್ಲ. ಕಡಿಮೆಯಿದ್ದರೆ
ಯಾರೋ ಎರಡೆರಡು ನುಂಗಿದ್ದಾರೆ,
ಆಸೆಗೆ ಅಳತೆಯಿಲ್ಲ.

ಒಳಗಿರುವುದು ಒಂದು ಹಳೆಯ ಮರದ ಎಲೆಯ ಸಾರ,
ಬೀಸಣಿಗೆಯಂಥ ಎಲೆ, ಡೈನೋಸಾರ್ ಕಾಲದ್ದಂತೆ.
ಅಷ್ಟು ದಿನ ತನ್ನನ್ನು ತಾನು ಮರೆಯದ ಮರ
ನಮಗೂ ಸ್ವಲ್ಪ ಕೊಟ್ಟೀತು ಎಂಬುದು ಜನರ ತರ್ಕ.
ಅಥವಾ ಒಳಗಿರುವುದು ಬರೀ ಜೋಳದ ಹಿಟ್ಟು.
ಯಾವುದರಲ್ಲಿ ಯಾವುದು, ನನಗೂ ತಿಳಿಯದು, ಡಾಕ್ಟರಿಗೂ ತಿಳಿಯದು.
ಎರಡೂ ಕಡೆ ಮರೆ ಕಟ್ಟಿದ ಪರೀಕ್ಷೆ.
ಮರೆವಿನ ಮದ್ದಿಗೆ ಮರೆಯೇ ಸಾಕ್ಷಿ.

ಡೆಲ್ಫಿಮ್ ಮೂವತ್ತೊಂದು ವರ್ಷ ಟ್ರಾಮು ಓಡಿಸಿದವನು.
ಹೆಂಡತಿ ಅಲ್ಬರ್ತೀನ ಡಬ್ಬಿ ಮೀನಿನ ಕಾರ್ಖಾನೆಯಲ್ಲಿ
ಸಾರ್ಡೀನುಗಳ ತಲೆ ತೆಗೆದವಳು; ಈಗಲೂ ಹೆಬ್ಬೆರಳು
ಮೇಜಿನ ಅಂಚಿನಲ್ಲಿ ತಂತಾನೇ ಆ ಕೆಲಸ ಮಾಡುತ್ತದೆ.
ಮೂರು ತಿಂಗಳಿಗೊಮ್ಮೆ ಬರುವರು.
‘ಮೂರು ಪದ ಹೇಳುತ್ತೇನೆ, ಆಮೇಲೆ ಕೇಳುತ್ತೇನೆ:
ನಿಂಬೆ, ಬೀಗದ ಕೈ, ದೋಣಿ.
ಈಗ ನೂರರಲ್ಲಿ ಏಳು ಕಳೆಯಿರಿ.’
‘ತೊಂಬತ್ಮೂರು.’
‘ಇನ್ನೊಮ್ಮೆ ಏಳು.’
‘ಯಾಕೆ ಕಳೆಯಬೇಕು? ಇರುವುದೇ ಕಡಿಮೆ.’
ಆ ಉತ್ತರಕ್ಕೆ ನನ್ನ ಹಾಳೆಯಲ್ಲಿ ಅಂಕವಿರಲಿಲ್ಲ.
‘ಆ ಮೂರು ಪದ?’
‘ದೋಣಿ,’ ಅಂದಳು.
ಮುಂದಿನ ವರ್ಷ ದೋಣಿಯೂ ಹೋಯಿತು.

ಸೀಸೆಯ ಲೆಕ್ಕ ಮಾತ್ರ ಒಮ್ಮೆಯೂ ತಪ್ಪಲಿಲ್ಲ.
ನಮ್ಮ ಮುನ್ನೂರ ಹನ್ನೆರಡು ಜನರಲ್ಲಿ
ಅಷ್ಟು ನಿಯತ್ತಿನ ಸೀಸೆ ಇನ್ನೊಂದಿರಲಿಲ್ಲ.

ಹದಿನೆಂಟು ತಿಂಗಳಾಗಿ, ಕೊನೆಯ ಭೇಟಿಯ ದಿನ
ಟೋಪಿ ತೊಡೆಯ ಮೇಲಿಟ್ಟುಕೊಂಡು ಡೆಲ್ಫಿಮ್
ಗಂಟಲು ಸರಿಮಾಡಿಕೊಂಡ:
‘ಬೆಳಿಗ್ಗೆ ಏಳಕ್ಕೆ ಅಂಗೈ ಚಾಚುತ್ತಾಳೆ. ಇಡುತ್ತೇನೆ.
ನೋಡುತ್ತಾಳೆ, ತೆಗೆದು ನನ್ನ ಬಾಯಿಗೇ ಹಾಕುತ್ತಾಳೆ.
ನೀನು ತಿನ್ನು, ನಿನಗೇ ಮರೆವು ಅನ್ನುತ್ತಾಳೆ.
ಮೊದಮೊದಲು ಒತ್ತಾಯ ಮಾಡಿದೆ. ಅತ್ತಳು.
ಬಿಸಾಡಲು ಮನಸ್ಸು ಬರಲಿಲ್ಲ, ಗ್ರಸಿಯೇತ.
ನಿಮ್ಮ ಲೆಕ್ಕ ತಪ್ಪಬಾರದು ನೋಡಿ.’

ಬರೆದುಕೊಂಡೆ. ಬರೆಯದೆ ಬಿಡುವಂತಿಲ್ಲ.
ನಿಯಮಭಂಗ, ಕ್ರಮಸಂಖ್ಯೆ, ದಿನಾಂಕ, ಸಹಿ.
ಅಷ್ಟೂ ಹೊತ್ತು ಅಲ್ಬರ್ತೀನ
ನನ್ನ ಪೆನ್ನಿನ ಮುಚ್ಚಳ ಹಿಡಿದು ಕೂತಿದ್ದಳು,
ಕಳೆದುಹೋಗದ ಹಾಗೆ.

ಚಳಿಗಾಲದಲ್ಲಿ ಮರೆ ಸರಿಯಿತು.
ಅಂಕಿಅಂಶದ ಇಯೊಲಾಂಡ ಪರದೆಯ ಮೇಲೆ
ಇಳಿಯುವ ಎರಡು ಗೆರೆ ತೋರಿಸಿ ಕೇಳಿದಳು:
ಎಲೆ ಯಾವುದು, ಹಿಟ್ಟು ಯಾವುದು, ಹೇಳು.
ಕನ್ನಡಕ ಒರೆಸಿಕೊಂಡು ನೋಡಿದರೂ ತಿಳಿಯಲಿಲ್ಲ.
ಅವಳಿಗೂ ತಿಳಿದಿರಲಿಲ್ಲ, ಬಣ್ಣ ಹಚ್ಚುವವರೆಗೆ.

ಅಲ್ಬರ್ತೀನಳದು ಹಿಟ್ಟಿನ ಗುಂಪು.
ತಿನ್ನದ ಹಿಟ್ಟಿನ ಖಾತೆಯಲ್ಲಿ ಅವಳ ಅಂಕ.
ಯಾವ ಪಟ್ಟಿಯಲ್ಲೂ ಇಲ್ಲದ ಡೆಲ್ಫಿಮ್
ಐನೂರು ಚಿಲ್ಲರೆ ಗುಳಿಗೆ ಜೋಳ ತಿಂದಿದ್ದ.

ನಮ್ಮ ಬೀದಿಯ ಔಷಧಿ ಅಂಗಡಿಯ ಗಾಜಿನಲ್ಲಿ
ಅದೇ ಎಲೆ, ಹಸಿರು ಡಬ್ಬಿ, ಇಪ್ಪತ್ತೊಂಬತ್ತು ಯೂರೊ.
‘ನೆನಪಿಗೆ’ ಎಂದು ಬರೆದಿದೆ.
ನೆನಪಿಗೆ ಏನು ಎಂದು ಬರೆದಿಲ್ಲ.

ಫೋನು ಮಾಡಿ ಹೇಳಿದೆ: ಹಿಟ್ಟು. ಕೊಳ್ಳಲೂ ಹೋಗಬೇಡಿ.
‘ಅದಕ್ಕೇ ನನಗೆ ಒಂದು ನಿಲ್ದಾಣವೂ ಮರೆತಿಲ್ಲ,’
ಎಂದು ನಕ್ಕ, ಒಂದೊಂದಾಗಿ ಹೇಳತೊಡಗಿದ,
ಕೊನೆಯದಕ್ಕಿಂತ ಹಿಂದಿನದಕ್ಕೆ ಬಂದು ತಡವರಿಸಿದ.
ನಾನು ಎಣಿಸಲಿಲ್ಲ.
ತಾನೇ ಮಾತು ಬದಲಿಸಿದ:
ಏಳಕ್ಕೆ ಅಂಗೈ ಇನ್ನೂ ಬರುತ್ತದಂತೆ,
ಪರೀಕ್ಷೆ ಮುಗಿಯಿತೆಂದು ಅದಕ್ಕೆ ಯಾರೂ ಹೇಳಿಲ್ಲ.
ಈಗ ಒಂದು ಒಣದ್ರಾಕ್ಷಿ ಇಡುತ್ತಾನೆ.
ತಿರುಗಿಸಿ ತಿರುಗಿಸಿ ನೋಡುತ್ತಾಳೆ.
ಕೆಲವು ದಿನ ತಾನೇ ತಿನ್ನುತ್ತಾಳೆ.